ವೈರಸ್ ಹಬ್ಬಿರುವಾಗ ಊರಿಗೆ ಹೊರಡಬಹುದೇ? ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿದರೆ ಡೆಂಗಿ, ಹವೆ ಬದಲಾದರೆ ಫ್ಲೂ, ನಡುನಡುವೆ ಹೆಸರೇ ಕೇಳಿರದ ಒಂದು ಹೊಸ ವೈರಸ್. ಸುದ್ದಿ ಬಂದ ದಿನವೇ ನಮ್ಮ ಮನೆಗಳಲ್ಲಿ ಮಾತು ಶುರುವಾಗುತ್ತದೆ: ಟಿಕೆಟ್ ರದ್ದು ಮಾಡುವುದೇ? ಲೋಕಲ್‌ನಲ್ಲಿ ಹೋಗದೆ ಕೆಲಸ ನಡೆಯುವುದು ಹೇಗೆ? ಊರಿನಲ್ಲಿರುವ ಅಮ್ಮನನ್ನು ನೋಡದೆ ಇರುವುದು ಹೇಗೆ? ಇಂಥ ಪ್ರಶ್ನೆಗಳಿಗೆ ಭಯಪಡಿಸದ, ಸುಳ್ಳು ಸಮಾಧಾನವನ್ನೂ ಹೇಳದ ಉತ್ತರಗಳನ್ನು ಒಂದೆಡೆ ಬರೆದಿಡಬೇಕು ಎನಿಸಿತು. ನಿಮ್ಮನ್ನು ಪರೀಕ್ಷಿಸುವ ವೈದ್ಯರ ಮಾತಿಗೆ ಇದು ಬದಲಿಯಲ್ಲ. ವೈದ್ಯರ ಬಳಿ ಹೋಗುವ ಮೊದಲು, ಟಿಕೆಟ್ ತೆಗೆಯುವ ಮೊದಲು ಯೋಚಿಸಲು ಬೇಕಾದಷ್ಟು ಇಲ್ಲಿದೆ.

ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೇಗೆ?

ಮೂರು ವಿಷಯ ನೋಡಿ. ಈ ವೈರಸ್ ಹೇಗೆ ಹರಡುತ್ತದೆ? ದಾರಿಯಲ್ಲಿ ಎಷ್ಟು ಹೊತ್ತು ಮುಚ್ಚಿದ ಜಾಗದಲ್ಲಿ ಇತರರ ಜೊತೆ ಇರುತ್ತೀರಿ? ಹೋಗಿ ಇಳಿಯುವ ಮನೆಯಲ್ಲಿ ಯಾರಿದ್ದಾರೆ? ಹೆಚ್ಚಿನವರು ಎರಡನೆಯದರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ: ರೈಲೋ ಬಸ್ಸೋ, ಎಸಿಯೋ ಸ್ಲೀಪರೋ. ನನ್ನ ಪ್ರಕಾರ ತೂಕ ಹೆಚ್ಚು ಮೂರನೆಯದಕ್ಕೆ. ಮೂವತ್ತು ವರ್ಷದ ಗಟ್ಟಿ ಆಳಿಗೆ ಮೂರು ದಿನದ ಜ್ವರವಾಗಿ ಹೋಗುವ ಫ್ಲೂ, ಅದೇ ಮನೆಯಲ್ಲಿ ದಮ್ಮು ಇರುವ ಅಜ್ಜನನ್ನು ಆಸ್ಪತ್ರೆಗೆ ಸೇರಿಸಬಹುದು. ನಿಮಗೆ ಏನಾಗುತ್ತದೆ ಎಂಬ ಲೆಕ್ಕ ಒಂದು, ನಿಮ್ಮಿಂದ ಇನ್ನೊಬ್ಬರಿಗೆ ಏನಾಗುತ್ತದೆ ಎಂಬುದು ಮತ್ತೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ಹಾಕಿ.

ಅರವತ್ತು ದಾಟಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೃದ್ರೋಗ, ಅಸ್ತಮಾ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು: ಇವರಲ್ಲಿ ಒಬ್ಬರಾದರೂ ಆ ಮನೆಯಲ್ಲಿದ್ದರೆ ಅಲ್ಲಿಂದಲೇ ಯೋಚನೆ ಶುರುವಾಗಲಿ.

ವೈರಸ್ ಯಾವುದಾದರೇನು, ಮಾಸ್ಕ್ ಹಾಕಿಕೊಂಡರೆ ಸಾಕಲ್ಲವೇ?

ಸಾಲದು. ಫ್ಲೂ, ಕೋವಿಡ್, ದಡಾರ, ನೆಗಡಿ ಕೆಮ್ಮು ತರುವ ಎಚ್‌ಎಂಪಿವಿ ಇವು ಉಸಿರಿನ ಮೂಲಕ ಹರಡುತ್ತವೆ, ಅಲ್ಲಿ ಮಾಸ್ಕ್ ಮತ್ತು ತೆರೆದ ಕಿಟಕಿ ಕೆಲಸ ಮಾಡುತ್ತವೆ. ಡೆಂಗಿ, ಚಿಕೂನ್‌ಗುನ್ಯಾ, ಜೀಕಾ ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುತ್ತವೆ, ಅಲ್ಲಿ ಎನ್95 ಹಾಕಿ ಕುಳಿತರೂ ಪ್ರಯೋಜನವಿಲ್ಲ. ಉದ್ದ ತೋಳಿನ ಅಂಗಿ, ಸೊಳ್ಳೆ ಮುಲಾಮು, ನೀರು ನಿಲ್ಲದ ಮನೆ ಬೇಕು. ನೊರೊವೈರಸ್, ಕಾಮಾಲೆಯ ಹೆಪಟೈಟಿಸ್ ಎ ಮತ್ತು ಇ ನೀರು, ಆಹಾರ, ತೊಳೆಯದ ಕೈಗಳಿಂದ ಬರುತ್ತವೆ. ನೊರೊವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸಾಬೂನು ಹಾಕಿ ನೀರಿನಲ್ಲಿ ತೊಳೆಯಲೇಬೇಕು.

ಉಸಿರಿನ ವೈರಸ್ಸಿಗೆ ಮಾಸ್ಕ್ ಆರಿಸುವಾಗ ಮುಖಕ್ಕೆ ಅಂಟಿ ಕೂರುವ ಎನ್95 ಒಳ್ಳೆಯದು. ಮುಂದೆ ಕವಾಟವಿರುವ ಮಾಸ್ಕ್ ಬೇಡ, ಅದು ನಿಮ್ಮ ಉಸಿರನ್ನು ಶೋಧಿಸದೆ ಹೊರಗೆ ಬಿಡುತ್ತದೆ. ಗದ್ದದ ಮೇಲೆ ಜೋತಾಡುವ ಮಾಸ್ಕ್‌ನಿಂದ ಯಾರಿಗೂ ಉಪಯೋಗವಿಲ್ಲ.

ರೋಗಿಯ ಜೊತೆ ಇದ್ದೆ. ಊರಿಗೆ ಹೊರಡುವ ಮೊದಲು ಎಷ್ಟು ದಿನ ಕಾಯಬೇಕು?

ಸೋಂಕು ತಗಲಿದ ದಿನಕ್ಕೂ ಲಕ್ಷಣ ಕಾಣಿಸುವ ದಿನಕ್ಕೂ ನಡುವಿನ ಅಂತರ ವೈರಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಫ್ಲೂಗೆ 1ರಿಂದ 4 ದಿನ. ಕೋವಿಡ್‌ಗೆ ಮೊದಲ ವರ್ಷ 2ರಿಂದ 14 ದಿನ ಎನ್ನುತ್ತಿದ್ದರು, ಒಮಿಕ್ರಾನ್ ಬಂದ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲೇ ಗೊತ್ತಾಗುತ್ತದೆ. ಡೆಂಗಿಗೆ ಸೊಳ್ಳೆ ಕಚ್ಚಿದ ಮೇಲೆ 4ರಿಂದ 10 ದಿನ. ದಡಾರಕ್ಕೆ ಒಂದೂವರೆಯಿಂದ ಎರಡು ವಾರ. ಬಾವಲಿಗಳಿಂದ ಬರುವ ನಿಪಾಗೆ ಸಾಮಾನ್ಯವಾಗಿ 4ರಿಂದ 14 ದಿನ.

ಅಂದರೆ ಕೋಣೆಯ ಗೆಳೆಯನಿಗೆ ಫ್ಲೂ ಬಂದಿದ್ದರೆ, ಅವನೊಡನೆ ಕೊನೆಯ ಬಾರಿ ಇದ್ದ ದಿನದಿಂದ ನಾಲ್ಕೈದು ದಿನ ಕಳೆದು ನಿಮಗೇನೂ ಆಗದಿದ್ದರೆ ಹೊರಡಬಹುದು. ಜ್ವರ ನಿಮಗೇ ಬಂದಿದ್ದರೆ, ಪ್ಯಾರಾಸಿಟಮಾಲ್ ನುಂಗದೆ ಪೂರ್ತಿ ಒಂದು ದಿನ ಜ್ವರವಿಲ್ಲದೆ ಕಳೆಯಲಿ, ಕೆಮ್ಮು ಇಳಿಯುತ್ತಿರಲಿ, ಆಮೇಲೆಯೂ ಕೆಲವು ದಿನ ಮಾಸ್ಕ್ ಇರಲಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಬಸ್ಸು ಹತ್ತುವವರು ಅನೇಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ಮೈಯ ಬಿಸಿಯನ್ನು ಇಳಿಸುತ್ತದೆ, ವೈರಸ್ಸನ್ನು ತಡೆಯುವುದಿಲ್ಲ.

ಟೆಸ್ಟ್ ನೆಗೆಟಿವ್ ಬಂದಿದೆ. ಇನ್ನೇನು ಚಿಂತೆ?

ಟೆಸ್ಟ್ ಹೇಳುವುದು ಮಾದರಿ ಕೊಟ್ಟ ಹೊತ್ತಿನ ಸ್ಥಿತಿಯನ್ನು. ಸೋಂಕು ತಗಲಿದ ಮರುದಿನವೇ ಮಾಡಿಸಿದರೆ ಆರ್‌ಟಿ-ಪಿಸಿಆರ್ ಕೂಡ ಅದನ್ನು ಕಂಡುಹಿಡಿಯದೆ ಹೋಗಬಹುದು, ರ‍್ಯಾಪಿಡ್ ಆ್ಯಂಟಿಜೆನ್ ಇನ್ನೂ ಹೆಚ್ಚು. ಗಂಟಲು ಕೆರೆತ, ಮೈಕೈ ನೋವು ಇದ್ದೂ ವರದಿ ನೆಗೆಟಿವ್ ಇದ್ದರೆ ಮೈ ಹೇಳುವುದನ್ನೇ ನಂಬಿ, ಎರಡು ದಿನ ಬಿಟ್ಟು ಮತ್ತೆ ಮಾಡಿಸಿ. ಡೆಂಗಿಯಲ್ಲೂ ಹೀಗೆಯೇ: ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲಿ ಸರಿಯಾದದ್ದು, ಆ ಬಳಿಕ ರಕ್ತದ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಬೇಕಾಗುತ್ತದೆ.

ರೈಲು, ಬಸ್ಸು, ವಿಮಾನ: ಯಾವುದು ವಾಸಿ?

ಉಸಿರಿನ ವೈರಸ್ ಇರುವಾಗ ಕೇಳಬೇಕಾದದ್ದು ಗಾಳಿ ಎಷ್ಟು ಬದಲಾಗುತ್ತದೆ, ಎಷ್ಟು ಗಂಟೆ ಅಲ್ಲಿ ಇರುತ್ತೀರಿ ಎಂಬುದನ್ನು. ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ ಹಾರಾಟ. ಒಳಗಿನ ಗಾಳಿ ಗಂಟೆಗೆ ಇಪ್ಪತ್ತು ಸಲಕ್ಕಿಂತ ಹೆಚ್ಚು ಬದಲಾಗುತ್ತದೆ, ಸುತ್ತಿ ಬರುವ ಗಾಳಿಯನ್ನು ಅತಿಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕ ಸೋಸುತ್ತದೆ. ಅಪಾಯ ಹೆಚ್ಚಿರುವುದು ಸಾಲಿನಲ್ಲಿ ನಿಂತಾಗ, ನಿಲ್ದಾಣದ ಬಸ್ಸಿನಲ್ಲಿ, ಇಳಿಯಲು ಎಲ್ಲರೂ ಒಟ್ಟಿಗೆ ಎದ್ದು ನಿಂತಾಗ. ಆದರೆ ವಿಮಾನದ ದರ ಎಲ್ಲರ ಕೈಗೆ ಎಟುಕುವುದಿಲ್ಲ.

ರೈಲಿನಲ್ಲಿ ನನ್ನ ಒಲವು ಸ್ಲೀಪರ್ ಡಬ್ಬಿಯ ಕಡೆಗೆ, ಕಿಟಕಿ ತೆರೆದಿರುತ್ತದೆ ಎಂಬ ಒಂದೇ ಕಾರಣಕ್ಕೆ. ಕುರ್ಲಾದ ಎಲ್‌ಟಿಟಿಯಿಂದ ಮಂಗಳೂರಿನ ಮತ್ಸ್ಯಗಂಧ ರೈಲು ಹತ್ತಿದರೆ ಇಡೀ ರಾತ್ರಿ ಅದರಲ್ಲೇ ಇರಬೇಕು. ಬೇಸಿಗೆಯಲ್ಲಿ ಕೊಂಕಣದ ಗಾಳಿ ಡಬ್ಬಿಯ ಉದ್ದಕ್ಕೂ ಬೀಸುತ್ತದೆ. ಮಳೆಗಾಲದಲ್ಲಿ ಕಥೆ ಬೇರೆ. ಎರಚಲು ತಡೆಯಲು ಎಲ್ಲರೂ ಕಿಟಕಿ ಎಳೆಯುತ್ತಾರೆ, ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯಲ್ಲಿ ರೈಲು ನಿಧಾನವಾಗಿ ಓಡುವುದರಿಂದ ಮುಚ್ಚಿದ ಡಬ್ಬಿಯೊಳಗಿನ ಗಂಟೆಗಳೂ ಹೆಚ್ಚುತ್ತವೆ. ಆಗ ಸಿಕ್ಕರೆ ಸೈಡ್ ಬರ್ತ್ ತೆಗೆದುಕೊಳ್ಳಿ, ಬಾಗಿಲ ಬಳಿಯದಾದರೆ ಇನ್ನೂ ಒಳ್ಳೆಯದು.

ಪರದೆ ಎಳೆದ ಎಸಿ ಸ್ಲೀಪರ್ ಬಸ್ಸನ್ನು ಉಸಿರಿನ ವೈರಸ್ ಜೋರಾಗಿರುವಾಗ ನಾನು ಕೊನೆಗೆ ಇಡುತ್ತೇನೆ. ಕಿಟಕಿ ತೆರೆಯುವಂತಿಲ್ಲ, ಪಕ್ಕದ ಬರ್ತಿನವರು ಕೆಮ್ಮಿದರೆ ಸರಿದು ಕೂರಲು ಜಾಗವಿಲ್ಲ, ರಾತ್ರಿಯೆಲ್ಲ ಅದೇ ಗಾಳಿ. ಬೇರೆ ದಾರಿಯೇ ಇಲ್ಲದಿದ್ದರೆ ಮಾಸ್ಕ್ ಬಿಗಿಯಾಗಿರಲಿ, ಊಟವನ್ನು ಬಸ್ಸಿನೊಳಗೆ ಬಿಚ್ಚದೆ ನಿಲುಗಡೆಯಲ್ಲಿ ಇಳಿದು ಬಯಲಿನಲ್ಲಿ ಮುಗಿಸಿ. ಮಾಸ್ಕ್ ತೆಗೆಯುವುದು ತಿನ್ನುವಾಗ, ಎಲ್ಲರೂ ತಿನ್ನುವುದು ಒಂದೇ ಹೊತ್ತಿಗೆ.

ಗೋವಾದೊಳಗೆ ಓಡಾಡುವವರಿಗೆ ಬೈಕಿನ ಪೈಲಟ್, ಅಂದರೆ ಬಾಡಿಗೆ ಬೈಕಿನವನು, ಸಿಕ್ಕರೆ ಕಿಕ್ಕಿರಿದ ಮಿನಿ ಬಸ್ಸಿಗಿಂತ ಅದೇ ಸುರಕ್ಷಿತ, ಉಸಿರಿನ ಸೋಂಕಿನ ಮಟ್ಟಿಗೆ. ಹೆಲ್ಮೆಟ್ ಮರೆಯಬೇಡಿ.

ಟಿಕೆಟ್ ರದ್ದು ಮಾಡಬೇಕಾದರೆ ಬೇಗ ಮಾಡಿ. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು, ಖಚಿತವಾದ ತತ್ಕಾಲ್ ಟಿಕೆಟ್ಟಿಗೆ ಹಣ ವಾಪಸಾಗುವುದಿಲ್ಲ. ಅನುಮಾನವಿರುವ ದಿನಗಳಲ್ಲಿ ತತ್ಕಾಲ್ ತೆಗೆದವರು ಹಣ ಹೋಗುತ್ತದೆಂದು ಜ್ವರದಲ್ಲೇ ಹೊರಡುತ್ತಾರೆ. ಮೊದಲೇ ಕಾಯ್ದಿರಿಸಿದ ಸಾಮಾನ್ಯ ಟಿಕೆಟ್ ಆ ಒತ್ತಡವನ್ನು ಕಡಿಮೆ ಮಾಡುತ್ತದೆ.

ಲೋಕಲ್ ರೈಲಿಲ್ಲದೆ ನನ್ನ ಬದುಕಿಲ್ಲ. ಏನು ಮಾಡಲಿ?

ಲೋಕಲ್ ಬಿಡಿ ಎಂದು ಮುಂಬಯಿಯಲ್ಲಿ ಯಾರೂ ಯಾರಿಗೂ ಹೇಳುವಂತಿಲ್ಲ. 2020ರ ಮಾರ್ಚ್ 22ರ ಬಳಿಕ ಲೋಕಲ್ ನಿಂತಾಗ ಡೊಂಬಿವಲಿ, ವಸಾಯಿ, ವಿರಾರ್ ಕಡೆಯ ಜನ ಬಸ್ಸಿನಲ್ಲಿ ಗಂಟೆಗಟ್ಟಲೆ ನಲುಗಿದರು. ಲಸಿಕೆಯ ಎರಡೂ ಡೋಸ್ ಪಡೆದವರಿಗೆ ಅದು ಮತ್ತೆ ತೆರೆದದ್ದು 2021ರ ಆಗಸ್ಟ್ 15ರಂದು. ಲೋಕಲ್ ನಿಂತರೆ ಈ ಊರಿನ ಬಡವನಿಗೆ ಏನಾಗುತ್ತದೆ ಎಂದು ಆ ದಿನಗಳಲ್ಲಿ ಎಲ್ಲರೂ ನೋಡಿದ್ದೇವೆ. ಹತ್ತುವುದು ಹೇಗೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಮಾಮೂಲಿ ಲೋಕಲ್‌ನ ಬಾಗಿಲು, ಕಿಟಕಿ ತೆರೆದೇ ಇರುತ್ತವೆ. ಎಸಿ ಲೋಕಲ್‌ಗಿಂತ ಅದು ಗಾಳಿಯಾಡುವ ಜಾಗ. ಅರ್ಧ ಗಂಟೆ ಬೇಗ ಅಥವಾ ತಡವಾಗಿ ಹೊರಡಲು ಮಾಲಕರು ಒಪ್ಪಿದರೆ ಕೇಳಿಕೊಳ್ಳಿ, ಆ ಅರ್ಧ ಗಂಟೆಯಲ್ಲಿ ಜನಸಂದಣಿ ಎಷ್ಟು ಬದಲಾಗುತ್ತದೆ ಎಂದು ದಿನಾ ಹೋಗುವವರಿಗೆ ಹೇಳಬೇಕಾಗಿಲ್ಲ. ನಿಮ್ಮ ನಿಲ್ದಾಣದಿಂದಲೇ ಹೊರಡುವ ಗಾಡಿ ಸಿಕ್ಕರೆ ಅದನ್ನು ಹಿಡಿಯಿರಿ, ಕಿಟಕಿ ಪಕ್ಕದ ಸೀಟು ಸಿಗುವ ಸಾಧ್ಯತೆ ಅದರಲ್ಲೇ ಹೆಚ್ಚು. ಎದುರಿಗಿರುವವರ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಬದಲು ಬಾಗಿಲ ಕಡೆಗೆ ತಿರುಗಿ ನಿಲ್ಲಿ. ಗಾಳಿಗಾಗಿ ಫುಟ್‌ಬೋರ್ಡಿನಲ್ಲಿ ಜೋತು ಬೀಳಬೇಡಿ, ಈ ನಗರದಲ್ಲಿ ರೈಲಿನಿಂದ ಬಿದ್ದು ಸಾಯುವವರು ಪ್ರತಿ ವರ್ಷ ಇದ್ದಾರೆ.

ಇನ್ನೊಂದು ಮಾತು, ಭಕ್ತಿಗೆ ನೋವಾಗದಿರಲಿ ಎಂದು ಪ್ರೀತಿಯಿಂದ ಹೇಳುತ್ತೇನೆ. ತಾಳ ಹಿಡಿದು ಭಜನೆ ಮಾಡುತ್ತಾ ಹೋಗುವ ಮಂಡಳಿಗಳು ಲೋಕಲ್‌ನ ಸೊಗಸು. ಆದರೆ ಗಟ್ಟಿಯಾಗಿ ಹಾಡುವಾಗ ಬಾಯಿಂದ ಹೊರಡುವ ಹನಿಗಳು ಸುಮ್ಮನೆ ಉಸಿರಾಡುವುದಕ್ಕಿಂತ ಬಹಳ ಹೆಚ್ಚು. ಸೋಂಕು ಏರುತ್ತಿರುವ ವಾರಗಳಲ್ಲಿ ಮಂಡಳಿಯವರು ಭಜನೆಯನ್ನು ಮುಂದೂಡಿದರೆ ಒಳ್ಳೆಯದು, ಇಲ್ಲದಿದ್ದರೆ ನೀವು ಬೇರೆ ಡಬ್ಬಿ ಹತ್ತಿ.

ಹೋಟೆಲಿನ ಕೆಲಸಗಾರರು ನಾವು, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುತ್ತೇವೆ. ಒಬ್ಬನಿಗೆ ಜ್ವರ. "ಪ್ರತ್ಯೇಕವಾಗಿರಿ" ಎಂದರೆ ಎಲ್ಲಿಗೆ ಹೋಗುವುದು?

ಆರೋಗ್ಯ ಸಲಹೆಗಳಲ್ಲಿ "ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ" ಎಂದು ಬರೆಯುವವರು ಮಾಟುಂಗಾ, ಫೋರ್ಟ್, ಠಾಣೆಯ ಹೋಟೆಲಿನ ಮಾಳಿಗೆಯನ್ನು ಒಮ್ಮೆ ನೋಡಬೇಕು. ಚಾಪೆಗೆ ಚಾಪೆ ತಾಗಿಸಿ ಹಾಸಿರುತ್ತಾರೆ. ಗೋಡೆಯ ಮೊಳೆಗಳಲ್ಲಿ ಅಂಗಿಗಳು. ಇರುವ ಒಂದೇ ಕಿಟಕಿಯ ಸರಳುಗಳಿಗೆ ಹತ್ತು ಜನರ ಒದ್ದೆ ಟವೆಲ್, ಬನಿಯನ್ ಸಾಲಾಗಿ ನೇತು ಬಿದ್ದು ಗಾಳಿಗೆ ದಾರಿಯೇ ಇರುವುದಿಲ್ಲ. ಅಲ್ಲಿಂದಲೇ ಶುರು ಮಾಡಿ. ಬಟ್ಟೆಗಳನ್ನು ಕಿಟಕಿಯಿಂದ ತೆಗೆದು ಹಗ್ಗ ಕಟ್ಟಿ ಬೇರೆಡೆ ಒಣಹಾಕಿ. ಕಿಟಕಿಯಲ್ಲಿ ಒಂದು ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು ಬಾಗಿಲನ್ನು ಸ್ವಲ್ಪ ತೆರೆದಿಡಿ, ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಜ್ವರ ಬಂದವನ ಚಾಪೆ ಆ ಫ್ಯಾನಿನ ಹತ್ತಿರವೇ ಇರಲಿ, ಅವನ ಉಸಿರು ಇತರರನ್ನು ದಾಟದೆ ಹೊರಗೆ ಹೋಗುವಂತೆ. ಉಳಿದವರು ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆಗೆ ಬರುವಂತೆ ಮಲಗಿ. ಮುಖಗಳ ನಡುವೆ ನಾಲ್ಕೈದು ಅಡಿ ಅಂತರ ಹೀಗೆ ಖರ್ಚಿಲ್ಲದೆ ಸಿಗುತ್ತದೆ.

ಮಳೆ ಇಲ್ಲದಿದ್ದರೆ ತಾರಸಿ. ಸಾಮಾನಿನ ಕೋಣೆಯಲ್ಲಿ ಅಕ್ಕಿ ಮೂಟೆಗಳನ್ನು ಒತ್ತರಿಸಿದರೆ ಒಬ್ಬನಿಗೆ ಮಲಗಲು ಜಾಗವಾಗುವುದಾದರೆ, ಗಾಳಿಯಾಡುವಂತಿದ್ದರೆ ಅದೂ ಆದೀತು. ಲೋಟ, ತಟ್ಟೆ ಬೇರೆ ಇರಲಿ. ಸ್ನಾನಕ್ಕೆ, ಶೌಚಕ್ಕೆ ಅವನು ಕೊನೆಗೆ ಹೋಗಲಿ, ಹೋಗುವಾಗ ಮಾಸ್ಕ್ ಹಾಕಲಿ. ಚಾಳಿನ ಸಾಮಾನ್ಯ ಶೌಚಾಲಯಕ್ಕೂ ಇದೇ ಮಾತು. ಒಬ್ಬನೇ ಒಬ್ಬ ಅವನನ್ನು ನೋಡಿಕೊಳ್ಳಲಿ, ಹತ್ತೂ ಜನ ಬಂದು ಹಣೆ ಮುಟ್ಟಿ ನೋಡುವುದು ಬೇಡ.

ಗಲ್ಲಾದಲ್ಲಿ ಕುಳಿತಿರುವ ಮಾಲಕರಿಗೂ ಒಂದು ಮಾತಿದೆ. ಜ್ವರವಿರುವ ಸಪ್ಲಾಯರನ್ನು ಟೇಬಲಿಗೆ ಕಳಿಸಬೇಡಿ. ವಾಂತಿ, ಭೇದಿ ಆದವರನ್ನು ಅಡುಗೆ ಮನೆಗಂತೂ ಬಿಡಲೇಬೇಡಿ, ನಿಂತ ಮೇಲೂ ಎರಡು ದಿನ ಅವರ ಕೈ ಅಡುಗೆಗೆ ತಾಗಬಾರದು. ಆ ದಿನಗಳ ಸಂಬಳ ಕಡಿಯಬೇಡಿ. ಸಂಬಳ ಕಡಿತವಾಗುತ್ತದೆ ಎಂದು ಗೊತ್ತಿದ್ದರೆ ಹುಡುಗರು ಜ್ವರವನ್ನು ಮುಚ್ಚಿಡುತ್ತಾರೆ. ಒಬ್ಬನ ಮೂರು ದಿನದ ಸಂಬಳ ಉಳಿಸಲು ಹೋಗಿ ಅಡುಗೆಯ ಭಟ್ಟರಿಂದ ಕ್ಲೀನರ್‌ವರೆಗೆ ಎಲ್ಲರೂ ಮಲಗಿದರೆ ಹೋಟೆಲಿನ ಬಾಗಿಲೇ ಎಳೆಯಬೇಕಾಗುತ್ತದೆ. ಊರಿನಿಂದ ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಬಂದ ಹುಡುಗನಿಗೆ ಇಲ್ಲಿ ನೀವೇ ಹಿರಿಯರು.

ಎಂಥ ಜ್ವರವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಉಸಿರಾಟ ಕಷ್ಟವಾದರೆ, ಎದೆ ನೋವಿದ್ದರೆ, ಮಾತು ತೊದಲಿದರೆ ಅಥವಾ ಮಂಪರು ಕವಿದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯದಿದ್ದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯಬೇಡಿ. ಡೆಂಗಿಯಲ್ಲಿ ಇನ್ನೊಂದು ಮೋಸವಿದೆ: ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವಾಗಲೇ ಅಪಾಯ ಶುರುವಾಗಬಹುದು. ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ "ಜ್ವರ ಬಿಟ್ಟಿತಲ್ಲ" ಎಂದು ಸುಮ್ಮನಿರಬೇಡಿ. ಡೆಂಗಿಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಬಹುದು.

ಫ್ಲೂ ಎಳೆಯರನ್ನು ಬಿಡುತ್ತದೆ ಎಂದುಕೊಳ್ಳುವವರು 2009ರ ಪುಣೆಯನ್ನು ನೆನೆಯಬೇಕು. ದೇಶದಲ್ಲಿ ಎಚ್1ಎನ್1 ಹಂದಿಜ್ವರದ ಮೊದಲ ಸಾವು ಆ ವರ್ಷದ ಆಗಸ್ಟ್ 3ರಂದು ಅಲ್ಲಿ ಸಂಭವಿಸಿತು, ತೀರಿಕೊಂಡದ್ದು ಶಾಲೆಗೆ ಹೋಗುವ ಹುಡುಗಿ. ಫ್ಲೂ ಔಷಧ ಒಸೆಲ್ಟಮಿವಿರ್ ಮೊದಲ 48 ಗಂಟೆಗಳಲ್ಲಿ ಶುರುವಾದರೆ ಹೆಚ್ಚು ಫಲ ಕೊಡುತ್ತದೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಮುಂಬಯಿಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಪಾಲಿಕೆಯ ಕಸ್ತೂರಬಾ ಆಸ್ಪತ್ರೆ ಇದೆ, ಪುಣೆಯಲ್ಲಿ ನಾಯ್ಡು ಆಸ್ಪತ್ರೆ. ಆಂಬುಲೆನ್ಸಿಗೆ 108.

ಅಮ್ಮನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ದಿನಾ ಫೋನ್ ಮಾಡುತ್ತಾರೆ.

ಹೋಗಬಹುದು, ತಯಾರಿ ಮಾಡಿಕೊಂಡು. ಅಮ್ಮನಿಗೂ ನಿಮಗೂ ಫ್ಲೂ ಲಸಿಕೆ ಹೊರಡುವುದಕ್ಕೆ ಎರಡು ವಾರ ಮೊದಲೇ ಆಗಿರಲಿ, ರಕ್ಷಣೆ ಕೂಡಿಬರಲು ಅಷ್ಟು ಸಮಯ ಬೇಕು. ಹೊರಡುವ ವಾರ ಮಾಲ್, ಮದುವೆ, ಹುಟ್ಟುಹಬ್ಬ ಬಿಡಿ. ಹೋದ ಮೊದಲ ನಾಲ್ಕೈದು ದಿನ ಮಕ್ಕಳು ಅಜ್ಜಿಯ ಜೊತೆ ಜಗಲಿಯಲ್ಲಿ, ತೋಟದಲ್ಲಿ ಕಾಲ ಕಳೆಯಲಿ, ಒಂದೇ ಕೋಣೆಯಲ್ಲಿ ಮಲಗುವುದು ಬೇಡ. ಸೋಂಕು ಏರುತ್ತಲೇ ಇರುವ ವಾರವಾದರೆ ಎರಡು ಮೂರು ವಾರ ಮುಂದೂಡಿ. ಅಲೆ ಇಳಿದ ಮೇಲೆ ಹೋದರೆ ಅಮ್ಮನ ಪಕ್ಕದಲ್ಲೇ ಕುಳಿತು ಉಣ್ಣಬಹುದು. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ. "ರಜೆ ಸಿಗಲಿಲ್ಲ" ಎಂಬ ನೆಪ ಹೇಳಿದರೆ ಅವರು ಬೇಸರಿಸುತ್ತಾರೆ, ನಿಜ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಊರಿನಲ್ಲಿ ಅಪ್ಪ ತೀರಿಕೊಂಡಿದ್ದಾರೆ. ನನಗೆ ಕೆಮ್ಮು, ಜ್ವರ. ಹೋಗಬೇಡಿ ಎಂದು ಹೇಗೆ ಹೇಳುತ್ತೀರಿ?

ಈ ಪ್ರಶ್ನೆಗೆ ನಿಯಮದಂತೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ತಂದೆಯ ಮುಖ ಕೊನೆಯ ಬಾರಿ ನೋಡಲಾಗದ ನೋವನ್ನು 2020 ಮತ್ತು 2021ರಲ್ಲಿ ಎಷ್ಟೋ ಮಕ್ಕಳು ಹೊತ್ತುಕೊಂಡರು, ಅದು ಇಂದಿಗೂ ಆರಿಲ್ಲ.

ಲಕ್ಷಣವಿಲ್ಲದಿದ್ದರೆ ಹೋಗಿ, ಎರಡು ಮಾತಿಲ್ಲ. ದಾರಿಯಲ್ಲಿ ಮಾಸ್ಕ್ ಇರಲಿ, ಅಂಗಳದಲ್ಲಿ ನಿಲ್ಲಿ, ರಾತ್ರಿ ಜಗಲಿಯಲ್ಲಿ ಮಲಗಿ. ಜ್ವರವಿದ್ದರೆ ಬಸ್ಸು, ರೈಲು ಹತ್ತಬೇಡಿ. ಕಾರು ಮಾಡಿಕೊಂಡು ಹೋಗುವಷ್ಟು ಶಕ್ತಿಯೂ ಹಣವೂ ಇದ್ದರೆ, ಚಾಲಕನಿಗೆ ವಿಷಯ ತಿಳಿಸಿ ಅವನು ಒಪ್ಪಿದರೆ, ಇಬ್ಬರೂ ಮಾಸ್ಕ್ ಹಾಕಿ ಕಿಟಕಿ ಇಳಿಸಿ ಹೋಗಿ. ಮನೆಯೊಳಗೆ ಹೋಗದೆ ಅಂಗಳದಲ್ಲಿ ದರ್ಶನ ಮಾಡಿ, ಸ್ಮಶಾನದಲ್ಲಿ ಅಂತರದಲ್ಲಿ ನಿಲ್ಲಿ. ಬಯಲಿನಲ್ಲಿ, ಸ್ವಲ್ಪ ಹೊತ್ತು, ಮಾಸ್ಕ್ ಹಾಕಿ ನಿಂತರೆ ಇತರರಿಗೆ ಅಪಾಯ ಬಹಳ ಕಡಿಮೆ. ಅಮ್ಮನನ್ನು ಅಪ್ಪಿಕೊಳ್ಳಲು ಕೈ ಚಾಚುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಜ್ವರವನ್ನು ನೆನಪಿಡಿ. ಮನೆಯಲ್ಲಿ ಈಗ ಉಳಿದಿರುವವರು ಅವರು.

ಅದೂ ಆಗದಿದ್ದರೆ ತಮ್ಮನೋ ದಾಯಾದಿಯೋ ಬೆಂಕಿ ಕೊಡಲಿ. ಉತ್ತರಕ್ರಿಯೆಯ ಹೊತ್ತಿಗೆ ನೀವು ಗುಣವಾಗಿರುತ್ತೀರಿ, ಆಗ ಹೋಗಿ ಮಾಡಬೇಕಾದದ್ದನ್ನೆಲ್ಲ ಮಾಡಿ. ಉತ್ತರಕ್ರಿಯೆಯ ಊಟಕ್ಕೆ ಮುಚ್ಚಿದ ಸಭಾಭವನ ಬೇಡ, ಅಂಗಳದ ಚಪ್ಪರ ಸಾಕು.

ಮಗುವನ್ನು ಶಾಲೆಗೆ ಕಳಿಸಬಹುದೇ?

ಮಗು ಆರೋಗ್ಯವಾಗಿದ್ದು ಶಾಲೆ ತೆರೆದಿದ್ದರೆ ಕಳಿಸಿ. ಜ್ವರ ಬಂದ ದಿನ ಕಳಿಸಬೇಡಿ, ಪರೀಕ್ಷೆಯಿದ್ದರೂ ಸರಿ.

ದಡಾರದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. 2022ರ ಕೊನೆಯ ತಿಂಗಳುಗಳಲ್ಲಿ ಗೋವಂಡಿ ಭಾಗದಲ್ಲಿ ಶುರುವಾದ ದಡಾರ ಮುಂಬಯಿಯಲ್ಲಿ ಮಕ್ಕಳ ಜೀವ ತೆಗೆಯಿತು. ಕೋವಿಡ್ ಕಾಲದಲ್ಲಿ ಲಸಿಕೆ ತಪ್ಪಿದ ಮಕ್ಕಳು ಬಹಳ ಇದ್ದರು. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ದಡಾರದ ವೈರಸ್ ಉಳಿಯಬಲ್ಲದು. ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ ಹರಡುತ್ತದೆ. ಮೊದಲ ಲಸಿಕೆ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಊರಿಗೂ ಇಲ್ಲಿಗೂ ಓಡಾಡುವ ಕುಟುಂಬಗಳಲ್ಲಿ ಒಂದು ಡೋಸ್ ಅಲ್ಲಿ, ಒಂದು ಇಲ್ಲಿ ಎಂದಾಗಿ ಎರಡನೆಯದು ಮರೆತೇ ಹೋಗುತ್ತದೆ. ಲಸಿಕೆಯ ಕಾರ್ಡು ಪ್ರಯಾಣದ ಚೀಲದಲ್ಲೇ ಇರಲಿ.

ನಾನು ಗರ್ಭಿಣಿ. ಪುಣೆಯಲ್ಲಿ ಜೀಕಾ ಎಂದು ಕೇಳಿದೆ. ತವರಿಗೆ ಹೋಗಿಬಿಡಲೇ?

2024ರ ಜೂನ್‌ನಲ್ಲಿ ಪುಣೆಯ ಎರಂಡವಣೆ ಭಾಗದಲ್ಲಿ ಜೀಕಾ ಕಾಣಿಸಿಕೊಂಡು ನಗರದ ಬೇರೆ ಭಾಗಗಳಿಗೂ ಹರಡಿತು. ಹೆಚ್ಚಿನವರಿಗೆ ಅದು ಸಣ್ಣ ಜ್ವರ, ದದ್ದು ಅಷ್ಟೇ. ಗರ್ಭದಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೆ ಮಾತ್ರ ಅದು ಹಾನಿ ಮಾಡಬಲ್ಲದು. ನಿಮ್ಮ ಬಡಾವಣೆಯಲ್ಲೇ ಪ್ರಕರಣಗಳಿದ್ದರೆ, ಹೆರಿಗೆ ವೈದ್ಯರು ಒಪ್ಪಿದರೆ, ತವರಿಗೆ ಹೋಗುವುದು ಸರಿಯಾದ ನಿರ್ಧಾರವೇ. ಹೋಗುವ ಮೊದಲು ಜ್ವರ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ. ತವರಿನಲ್ಲೂ ಈಡಿಸ್ ಸೊಳ್ಳೆ ಇದೆ, ಹಗಲು ಮಲಗುವಾಗಲೂ ಪರದೆ ಕಟ್ಟಿ. ಜೀಕಾ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ, ಸೋಂಕಿರುವ ಪ್ರದೇಶದಲ್ಲಿ ಓಡಾಡುವ ಗಂಡ ಕಾಂಡೋಮ್ ಬಳಸಬೇಕು. ಹೇಳಲು ಸಂಕೋಚವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಡೆಂಗಿ ಅಂಟುರೋಗವಲ್ಲವಲ್ಲ. ಜ್ವರದಲ್ಲೇ ಊರಿಗೆ ಹೋಗಿ ಮಲಗಿದರಾಗದೇ?

ಬೇಡ, ಎರಡು ಕಾರಣಕ್ಕೆ. ದಾರಿಯ ಮಧ್ಯೆ ಪ್ಲೇಟ್‌ಲೆಟ್ ಕುಸಿದರೆ ನಿಮ್ಮನ್ನು ನೋಡುವವರಿಲ್ಲ. ಜೊತೆಗೆ ಜ್ವರದ ಮೊದಲ ವಾರ ನಿಮ್ಮ ರಕ್ತದಲ್ಲಿ ವೈರಸ್ ಇರುತ್ತದೆ, ಊರಿನ ಸೊಳ್ಳೆ ನಿಮ್ಮನ್ನು ಕಚ್ಚಿ ಪಕ್ಕದ ಮನೆಗೆ ಒಯ್ಯುತ್ತದೆ. ಇಲ್ಲೇ ಸೊಳ್ಳೆ ಪರದೆಯೊಳಗೆ ಮಲಗಿ ಗುಣವಾಗಿ ಹೋಗಿ.

ರಜೆಗೆ ಮನೆ ಬೀಗ ಹಾಕಿ ಹೋಗುವವರು ಬಕೆಟ್, ಡ್ರಮ್ ಬೋರಲು ಹಾಕಿ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಹೂಕುಂಡದ ತಟ್ಟೆ ಖಾಲಿ ಮಾಡಿ, ಕಮೋಡ್ ಮುಚ್ಚಿ ಹೋಗಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಹದಿನೈದು ದಿನದ ರಜೆ ಮುಗಿಸಿ ಬಂದಾಗ ನಿಮ್ಮ ಮನೆಯೇ ಇಡೀ ಕಟ್ಟಡಕ್ಕೆ ಸೊಳ್ಳೆ ಕಳಿಸುತ್ತಿರುತ್ತದೆ.

ಮಲೆನಾಡಿನ ಮನೆಗೆ ಹೋಗುತ್ತೇವೆ. ಮಂಗನ ಕಾಯಿಲೆಯ ಭಯ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ, ಗೋವಾದ ಸತ್ತರಿ ತಾಲೂಕಿನಲ್ಲೂ ಇದು ಇದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಈ ವೈರಸ್ಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಕಾಯಿಲೆ ಬರುವುದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ರೋಗಿಯ ಮನೆಗೆ ಹೋಗಲು ಹೆದರಬೇಕಿಲ್ಲ. ತರಗೆಲೆ, ಸೌದೆ ತರಲು ಕಾಡಿಗೆ ಹೋಗುವುದು ಬೇಡ. ಹೋಗಲೇಬೇಕಾದರೆ ಉಣುಗು ಕಚ್ಚದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ವಾಪಸು ಬಂದ ಮೇಲೆ ಎಂಟು ಹತ್ತು ದಿನದೊಳಗೆ ಜ್ವರ ಬಂದರೆ "ಮಲೆನಾಡಿಗೆ ಹೋಗಿದ್ದೆ" ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಮುಂಬಯಿಯ ವೈದ್ಯರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಕೇರಳದಲ್ಲಿ ನಿಪಾ ಅಂತೆ. ನೇತ್ರಾವತಿ ಎಕ್ಸ್‌ಪ್ರೆಸ್ ಅಲ್ಲಿಂದಲೇ ಬರುತ್ತದೆ.

ನಿಪಾ ಕ್ರೂರ ಕಾಯಿಲೆ, ಆದರೆ ರೈಲಿನಲ್ಲಿ ದೂರ ಕುಳಿತವರಿಗೆ ಸುಲಭವಾಗಿ ಹರಡುವುದಿಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಅದು ತಗಲಿದ್ದು ಹೆಚ್ಚಾಗಿ ರೋಗಿಯನ್ನು ಹತ್ತಿರದಿಂದ ಆರೈಕೆ ಮಾಡಿದವರಿಗೆ, ಆಸ್ಪತ್ರೆಯಲ್ಲಿ ಅವರ ಸಮೀಪ ಇದ್ದವರಿಗೆ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ರೈಲು ಬಿಡಬೇಕಾಗಿಲ್ಲ.

ಪುಣೆಯ ಜಿಬಿಎಸ್ ಕೂಡ ವೈರಸ್ಸೇ?

ಅಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಹೆಚ್ಚಿದ ಗಿಲಾನ್-ಬರೆ ಸಿಂಡ್ರೋಮ್ (ಜಿಬಿಎಸ್) ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೊಟ್ಟೆಯ ಸೋಂಕಿನ ಬಳಿಕ ದೇಹದ ರೋಗನಿರೋಧಕ ವ್ಯವಸ್ಥೆ ನರಗಳ ಮೇಲೆಯೇ ತಿರುಗಿ ಬೀಳುವ ಸ್ಥಿತಿ ಅದು. ನೀರು ಕುದಿಸಿ ಕುಡಿಯಿರಿ. ಕಾಲಿನಲ್ಲಿ ಜೋಮು, ಬಲ ಕುಗ್ಗಿದಂತೆ ಎನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಗಡಿಯಲ್ಲಿ ತಡೆದರೆ?

2021ರ ಫೆಬ್ರವರಿಯ ಬಳಿಕ ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕೆಂದು ಕರ್ನಾಟಕ ಹೇಳಿತು, ನಿಪ್ಪಾಣಿ ಬಳಿಯ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ವಾಹನಗಳು ಸಾಲುಗಟ್ಟಿದವು. ಇಂಥ ಆದೇಶಗಳಿಗೆ ಕಾಯ್ದೆಯ ಬಲವಿರುತ್ತದೆ: ದೇಶದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದ್ದು, ಮುಂಬಯಿಗೆ 1896ರಲ್ಲಿ ಪ್ಲೇಗ್ ಬಂದ ಮೇಲೆ ಮಾಡಿದ್ದು, ಕರ್ನಾಟಕ 2020ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆದ್ದರಿಂದ ಹೊರಡುವ ಹಿಂದಿನ ದಿನ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಯ ಆದೇಶ ನೋಡಿ. ಬಸ್ಸಿನ ಏಜೆಂಟ್ "ಏನೂ ಆಗುವುದಿಲ್ಲ ಬನ್ನಿ" ಎಂದರೆ ನಂಬಬೇಡಿ, ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಇಳಿಯುವವರು ನೀವು. ಸುಳ್ಳು ವರದಿ ಮಾಡಿಸಿಕೊಂಡು ಹೋಗುವುದಂತೂ ಅಪರಾಧ.

ಮುಂಬಯಿಯಿಂದ ಬಂದೆವೆಂದು ಊರಿನವರು ದೂರ ಸರಿಯುತ್ತಾರೆ. ಇದನ್ನು ಹೇಗೆ ಸಹಿಸುವುದು?

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರಲ್ಲಿ ಉಡುಪಿ, ಮಂಡ್ಯ ಜಿಲ್ಲೆಗಳಲ್ಲಿ ಬಹಳಷ್ಟು ಪ್ರಕರಣಗಳು ಕಾಣಿಸಿಕೊಂಡಾಗ ಶಾಲೆ, ಹಾಸ್ಟೆಲುಗಳ ಕ್ವಾರಂಟೈನ್ ಜೊತೆಗೆ "ಮುಂಬಯಿಯವರು" ಎಂಬ ಮಾತೇ ಬೈಗುಳದಂತಾಯಿತು. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಮುಂಬಯಿಯಿಂದಲೇ ಹಣ ಬಂದಿದ್ದ ಊರುಗಳಲ್ಲೂ ಹಾಗಾಯಿತು. ಆ ನೋವು ಸುಳ್ಳಲ್ಲ. ಊರಿನವರ ಭಯವೂ ಸುಳ್ಳಲ್ಲ, ಅವರಿಗೆ ಐಸಿಯು ಇರುವ ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರ ಇರಬಹುದು. ಬರುವುದನ್ನು ಆಶಾ ಕಾರ್ಯಕರ್ತೆಗೆ ಮೊದಲೇ ಫೋನಿನಲ್ಲಿ ತಿಳಿಸಿ, ನೆರೆಮನೆಯವರಿಗೂ ಹೇಳಿ. ಬಂದ ಮೊದಲ ದಿನಗಳು ನೀವಾಗಿಯೇ ಮನೆಯ ಅಂಗಳದಲ್ಲಿದ್ದರೆ ಯಾರೂ ಬೆರಳು ತೋರಿಸುವ ಪ್ರಮೇಯ ಬರುವುದಿಲ್ಲ. ಬಾವಿಯಿಂದ ನೀರು ಕೊಡುವುದಿಲ್ಲ ಎಂದೋ ಅಂಗಡಿಯಲ್ಲಿ ಅಕ್ಕಿ ಕೊಡುವುದಿಲ್ಲ ಎಂದೋ ಯಾರಾದರೂ ಹೇಳಿದರೆ ಪಂಚಾಯಿತಿಗೆ ದೂರು ಕೊಡಿ, ಸುಮ್ಮನಿರಬೇಡಿ.

ವಾಟ್ಸಾಪ್‌ನಲ್ಲಿ ಬರುವ ಕಷಾಯ, ಆಡಿಯೊ?

ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ವೈರಸ್ಸನ್ನು ಅದು ಕೊಲ್ಲುವುದಿಲ್ಲ. "ಕಸ್ತೂರಬಾದ ದೊಡ್ಡ ಡಾಕ್ಟರು ಹೇಳಿದ್ದಾರೆ" ಎಂದು ಹೆಸರಿಲ್ಲದ ಧ್ವನಿ ಬಂದರೆ ಮುಂದೆ ಕಳಿಸಬೇಡಿ. ಆರೋಗ್ಯದ ಸಂದೇಹಕ್ಕೆ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ 104 ಸಹಾಯವಾಣಿ ಇದೆ.

ಚೀಲದಲ್ಲಿ ಏನಿರಲಿ? ದಾರಿಯಲ್ಲೇ ಜ್ವರ ಬಂದರೆ?

ದಿನಾ ನುಂಗುವ ಬಿಪಿ, ಸಕ್ಕರೆ ಮಾತ್ರೆಗಳು ಬೇಕಾದುದಕ್ಕಿಂತ ಎರಡು ವಾರ ಹೆಚ್ಚು, ವೈದ್ಯರ ಚೀಟಿಯ ಪ್ರತಿ, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ನಾಲ್ಕೈದು ಮಾಸ್ಕ್, ಸಾಬೂನು, ಸೊಳ್ಳೆ ಮುಲಾಮು, ಮನೆಯ ನೀರು. 2020ರಲ್ಲಿ ನಾಲ್ಕು ದಿನಕ್ಕೆಂದು ಹೋದವರು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡರು, ಮಾತ್ರೆ ಹೆಚ್ಚು ಇರಲಿ ಎನ್ನುವುದು ಅದಕ್ಕೆ.

ರೈಲಿನಲ್ಲಿ ಜ್ವರ ಏರಿದರೆ ಮಾಸ್ಕ್ ಹಾಕಿ, ಬಾಗಿಲ ಬಳಿಯ ಬರ್ತಿಗೆ ಬದಲಿಸಿಕೊಡುವಂತೆ ಟಿಟಿಇಯನ್ನು ಕೇಳಿ, 139ಕ್ಕೆ ಫೋನ್ ಮಾಡಿದರೆ ಮುಂದಿನ ದೊಡ್ಡ ನಿಲ್ದಾಣದಲ್ಲಿ ವೈದ್ಯರನ್ನು ಕಳಿಸುತ್ತಾರೆ. ಉಸಿರಾಟದ ತೊಂದರೆ ಇದ್ದರೆ ಊರು ತಲುಪುವವರೆಗೆ ಕಾಯಬೇಡಿ. ರತ್ನಾಗಿರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮಡಗಾಂವ್‌ನಲ್ಲಿ ಇಳಿದರೆ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ ಹತ್ತಿರ, ಇನ್ನೂ ದೊಡ್ಡ ಚಿಕಿತ್ಸೆ ಬೇಕಾದರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. ಇಳಿಯುವ ಮೊದಲು ಮನೆಗೆ ಫೋನ್ ಮಾಡಿ ಯಾವ ನಿಲ್ದಾಣ, ಯಾವ ಆಸ್ಪತ್ರೆ ಎಂದು ಹೇಳಿ. ಕರೆದೊಯ್ಯಲು ಬರುವವರು ಮನೆಯಲ್ಲಿ ಎಳೆಯ, ಆರೋಗ್ಯವಾಗಿರುವ ಒಬ್ಬರೇ ಆಗಿರಲಿ, ಅಪ್ಪ ಅಮ್ಮ ಓಡಿ ಬರುವುದು ಬೇಡ.